ಟೌಕೆಯ ನೀರು

ಎದುರುಮನೆಯ ಅಂಕಲ್ ಖೂ ಮಂಡಿಯ ಆಪರೇಷನ್‌ಗೆಂದು ಮೆಲಾಕಾಗೆ ಹೊರಟು ನಿಂತಾಗ ತಮ್ಮ ಮನೆಯ ಬೀಗದ ಕೈಯನ್ನು ವಾರಿಜಾಳಿಗೆ ಕೊಟ್ಟರು. ಆ ಮಹಡಿಯಲ್ಲಿ ಬೇರೆ ಮನೆಗಳೂ ಇದ್ದವು. ಒಂದರಲ್ಲಿ ಖೂ ಅವರ ಸ್ವಂತ ತಂಗಿಯೇ ಇದ್ದಳು. ಆದರೂ ಕೀಲಿ ಸಿಕ್ಕಿದ್ದು ಮೈಸೂರಿನಿಂದ ಬಂದು ಪೆನಾಂಗ್ ದ್ವೀಪದ ಬಯಾನ್ ಲೆಪಾಸಿನಲ್ಲಿ ಬಾಡಿಗೆಗಿದ್ದ ವಾರಿಜಾಳಿಗೆ. ಕಾರಣ ಇಷ್ಟೇ. ವಾರಿಜಾ ನೀರಿನ ಎಂಜಿನಿಯರು. ಖೂ ಮನೆಯಲ್ಲಿ ಬಿಟ್ಟುಹೋಗುತ್ತಿದ್ದದ್ದು ಒಂದು ಮೀನನ್ನು.

"ದಿನಕ್ಕೊಂದ್ಸಲ ಸಿಗಡಿ ಹಾಕು. ಫ್ರೀಜರ್‌ನಲ್ಲಿದೆ. ನೀರು ಕಮ್ಮಿ ಆಗಿದ್ರೆ ಸ್ವಲ್ಪ ಸುರಿ. ಅಷ್ಟೇ ಲಾ. ಬೇರೆ ಏನೂ ಮಾಡ್ಬೇಡ," ಎಂದರು.

"ಅಷ್ಟೇನಾ ಅಂಕಲ್?"

"ಅಷ್ಟೇ. ನಾನೂ ಅಷ್ಟೇ ಮಾಡೋದು."

ಖೂ ಆಡುತ್ತಿದ್ದದ್ದು ಪೆನಾಂಗಿನ ಇಂಗ್ಲಿಷು. ವಾಕ್ಯದ ಅರ್ಧವನ್ನು ನುಂಗಿ, ಉಳಿದರ್ಧದ ತುದಿಗೆ ಒಂದು 'ಲಾ' ಅಂಟಿಸುವ ಭಾಷೆ. ಮೊದಮೊದಲು ವಾರಿಜಾ ಪ್ರತಿ ಮಾತನ್ನೂ ಎರಡೆರಡು ಸಲ ಕೇಳಿಸಿಕೊಳ್ಳಬೇಕಾಗುತ್ತಿತ್ತು. ಈಗ ಅವರ ಮಾತು ಅವಳಿಗೆ ನೇರವಾಗಿ ಕನ್ನಡದಲ್ಲೇ ಕೇಳಿಸುತ್ತಿತ್ತು.

ಮೀನಿನ ಹೆಸರು ಟೌಕೆ. ಅಂದರೆ ಅಂಗಡಿಯ ಯಜಮಾನ, ಸಾಹುಕಾರ. ಹೆಸರಿಟ್ಟವರು ಖೂ ಅವರ ಹೆಂಡತಿ. ಆಕೆ ತೀರಿಹೋಗಿ ನಾಲ್ಕು ವರ್ಷವಾಗಿತ್ತು. ಜಾತಿಯಲ್ಲಿ ಅದು ಅರೋವಾನ. ಮೊಳದುದ್ದದ ಮೈ, ನಾಣ್ಯದಗಲದ ಹುರುಪೆ, ಗದ್ದದಲ್ಲಿ ಎರಡು ಮೀಸೆ. ಈ ಮೀನು ಮನೆಯಲ್ಲಿದ್ದರೆ ಸಂಪತ್ತು ಬರುತ್ತದೆಂದು ಅಲ್ಲಿನ ಚೀನೀಯರ ನಂಬಿಕೆ. ಖೂ ಅವರು ಬ್ಯಾಂಕಿನಲ್ಲಿ ಗುಮಾಸ್ತರಾಗಿ ಸೇರಿ ಗುಮಾಸ್ತರಾಗಿಯೇ ನಿವೃತ್ತರಾಗಿದ್ದರು. ಆದ್ದರಿಂದ ಆ ನಂಬಿಕೆಯ ವಿಚಾರದಲ್ಲಿ ಅವರು ಏನನ್ನೂ ಹೇಳುತ್ತಿರಲಿಲ್ಲ.

ವಾರಿಜಾಳ ಕೆಲಸದ ಬಗ್ಗೆ ಒಂದು ಮಾತು ಹೇಳಿಬಿಡಬೇಕು. ಕಂಪ್ಯೂಟರಿನ ಚಿಪ್ಪು ತಯಾರಿಸುವ ಕಾರ್ಖಾನೆಗಳಲ್ಲಿ ಸಿಲಿಕಾನ್ ಬಿಲ್ಲೆಗಳನ್ನು ತೊಳೆಯಲು ನೀರು ಬೇಕು. ಆ ನೀರಿನಲ್ಲಿ ನೀರಲ್ಲದೆ ಬೇರೇನೂ ಇರಕೂಡದು. ಉಪ್ಪಿರಕೂಡದು, ಗಾಳಿಯಿರಕೂಡದು, ಕಣ್ಣಿಗೆ ಕಾಣದ ಜೀವಾಣುವಿನ ಹೆಣವೂ ಇರಕೂಡದು. ಅಂಥ ನೀರನ್ನು ಮಾಡುವುದೇ ಅವಳ ವಿಭಾಗದ ಕೆಲಸ. ಹತ್ತೊಂಬತ್ತು ವರ್ಷ ಇದನ್ನೇ ಮಾಡಿದ ಮೇಲೆ ಅವಳಿಗೆ ಹೋಟೆಲಿನಲ್ಲಿ ಮುಂದಿಟ್ಟ ನೀರಿನ ಲೋಟವೂ ಒಂದು ಆರೋಪಪಟ್ಟಿಯಂತೆ ಕಾಣುತ್ತಿತ್ತು. ಕುಡಿಯುತ್ತಿದ್ದಳು, ಆದರೆ ನೋಡಿ ಕುಡಿಯುತ್ತಿದ್ದಳು.

ಇಂಥವಳು ಖೂ ಅವರ ಹಜಾರದ ದೀಪ ಹಾಕಿ, ಒಂದು ಗೋಡೆಯುದ್ದಕ್ಕೂ ಇದ್ದ ಗಾಜಿನ ತೊಟ್ಟಿಯನ್ನು ನೋಡಿದಳು. ನೀರು ಕಡುಚಹಾದ ಬಣ್ಣಕ್ಕಿತ್ತು. ಮೇಲೆ ತೆಳ್ಳನೆಯ ಕೆನೆ. ತಳದಲ್ಲಿ ಒಂದು ಮರದ ಕೊರಡು, ಅದರ ಸುತ್ತ ಹೆಸರಿಲ್ಲದ ಗಸಿ. ಆ ಕತ್ತಲಿನಲ್ಲಿ ಒಂದು ನೆರಳು ಎಡದಿಂದ ಬಲಕ್ಕೆ ಹೋಯಿತು, ತಿರುಗಿತು, ಬಲದಿಂದ ಎಡಕ್ಕೆ ಬಂತು. ಅದೇ ಟೌಕೆ.

ಇಕ್ಕುಳದಲ್ಲಿ ಸಿಗಡಿ ಹಿಡಿದು ನೀರಿನ ಮೇಲೆ ಅಲ್ಲಾಡಿಸಿದಳು. ನೆರಳು ಮೇಲೆ ಬಂತು, ಬಾಯಿ ತೆರೆಯಿತು, ಸಿಗಡಿ ಹೋಯಿತು. ಸಿಗಡಿಯನ್ನು ಕೈಯಿಂದ ಮುಟ್ಟಬಾರದು, ಇಕ್ಕುಳ ಈಚೆ ಮನೆಗೆ ಬರಬಾರದು, ವಾಪಸು ಬಂದ ಮೇಲೆ ಮೊಳಕೈತನಕ ತೊಳೆದುಕೊಳ್ಳಬೇಕು ಎಂಬುದು ಅವಳ ಅತ್ತೆ ಗಿರಿಜಮ್ಮನ ಷರತ್ತು. ಗಿರಿಜಮ್ಮ ಆಗ ಮೈಸೂರಿನಿಂದ ಬಂದು ಮಗ ಸೊಸೆಯ ಜೊತೆ ಇದ್ದರು.

"ಪಾಪ ಕಣ್ರೀ, ಚರಂಡೀಲಿ ಇದ್ದಂಗಿದೆ ಅದು," ಎಂದಳು ವಾರಿಜಾ ಗಂಡನಿಗೆ.

ಗಂಡ ಶ್ರೀಪತಿ ಸೈಬರ್‌ಜಯಾದ ಒಂದು ಕಂಪನಿಗೆ ಮನೆಯಿಂದಲೇ ಸಾಫ್ಟ್‌ವೇರ್ ಬರೆಯುತ್ತಿದ್ದ. ಪರದೆಯಿಂದ ಕಣ್ಣೆತ್ತದೆ, "ಓಡ್ತಿರೋದನ್ನ ಮುಟ್ಬಾರ್ದು ವಾರಿಜಾ. ನಮ್ ಫೀಲ್ಡಲ್ಲಿ ಅದು ಮೊದಲನೇ ಪಾಠ," ಎಂದ.

ವಾರಿಜಾ ಒಂದು ವಾರ ಮುಟ್ಟಲಿಲ್ಲ. ಆಮೇಲೆ ಕಾರ್ಖಾನೆಯಲ್ಲಿ ಮೂಲೆಗೆ ಹಾಕಿದ್ದ ಹಳೆಯ ಪಿಎಚ್ ಮೀಟರೊಂದನ್ನು ಕೇಳಿ ಪಡೆದು ಮನೆಗೆ ತಂದಳು. ಸುಮ್ಮನೆ ನೋಡಲಿಕ್ಕೆ. ಪಿಎಚ್ ಎಂದರೆ ನೀರಿನ ಹುಳಿಯ ಅಳತೆ. ಏಳಿದ್ದರೆ ಅತ್ತ ಹುಳಿಯೂ ಅಲ್ಲ, ಇತ್ತ ಸೋಡಾದಂಥ ಕ್ಷಾರವೂ ಅಲ್ಲ. ಏಳಕ್ಕಿಂತ ಇಳಿದಷ್ಟೂ ಹುಳಿ. ಟೌಕೆಯ ನೀರಿನಲ್ಲಿ ಅದ್ದಿದಾಗ ಮೀಟರು ನಾಲ್ಕೂ ಮುಕ್ಕಾಲು ತೋರಿಸಿತು. ಮೀಟರು ಕೆಟ್ಟಿದೆ ಎಂದುಕೊಂಡು ಮನೆಯ ನಲ್ಲಿ ನೀರಿಗೆ ಹಿಡಿದಳು. ಕೆಟ್ಟಿರಲಿಲ್ಲ. ಅತ್ತೆಯ ಮಜ್ಜಿಗೆಗೆ ಹಿಡಿದಳು. ಟೌಕೆಯ ನೀರಿಗೂ ಮಜ್ಜಿಗೆಗೂ ಅಂಥ ವ್ಯತ್ಯಾಸವೇನೂ ಬರಲಿಲ್ಲ.

"ಮಜ್ಜಿಗೇಲಿ ಏನದ್ದಿದೆ ಈಗ?" ಎಂದರು ಗಿರಿಜಮ್ಮ.

"ಮೀಟರು ಅತ್ತೆ."

"ಎಲ್ಲಿಂದ ಬಂತು ಅದು?"

ವಾರಿಜಾ ನಿಜ ಹೇಳಿದಳು. ಮಜ್ಜಿಗೆ ಸಿಂಕಿಗೆ ಹೋಯಿತು.

ಆ ಸಂಖ್ಯೆ ವಾರಿಜಾಳ ತಲೆಯಲ್ಲಿ ಕೂತುಬಿಟ್ಟಿತು. ಮೀಟಿಂಗಿನಲ್ಲಿ ಕೂತಾಗ, ಸೇತುವೆಯ ಟ್ರಾಫಿಕ್ಕಿನಲ್ಲಿ ಕಾರು ನಿಂತಾಗ, ಒಂದು ಜೀವ ಎದುರುಮನೆಯಲ್ಲಿ ಹುಳಿ ಮಜ್ಜಿಗೆಯಲ್ಲಿ ಈಜುತ್ತಿದೆ ಎಂಬುದು ನೆನಪಾಗುತ್ತಿತ್ತು. ಮುದುಕರಿಗೆ ಮಂಡಿನೋವು, ಬಕೆಟು ಎತ್ತಲಾಗದು, ಸಂಕೋಚಕ್ಕೆ 'ಏನೂ ಮಾಡ್ಬೇಡ' ಎಂದಿದ್ದಾರೆ ಎಂದು ತನಗೆ ತಾನೇ ಹೇಳಿಕೊಂಡಳು. ವಾಪಸು ಬರುವಷ್ಟರಲ್ಲಿ ತೊಟ್ಟಿ ಫಳಫಳ ಹೊಳೆಯುತ್ತಿದ್ದರೆ ಅವರಿಗೆ ಎಷ್ಟು ಸಂತೋಷವಾಗಬಹುದು ಎಂದೂ ಹೇಳಿಕೊಂಡಳು. ಮನುಷ್ಯ ತನಗೆ ಬೇಕಾದ ಕೆಲಸವನ್ನು ಇನ್ನೊಬ್ಬರ ಉಪಕಾರಕ್ಕೆಂದು ಮಾಡಲು ಹೊರಟರೆ ಅವನನ್ನು ತಡೆಯುವವರು ಯಾರೂ ಇರುವುದಿಲ್ಲ.

ಶನಿವಾರ ಬೆಳಿಗ್ಗೆ ಕೆಲಸ ಶುರುವಾಯಿತು. ಅವಳು ದಡ್ಡಿಯಲ್ಲ. ನಲ್ಲಿ ನೀರಿನ ಕ್ಲೋರಿನ್ ಮೀನಿನ ಕಿವಿರನ್ನು ಸುಡುತ್ತದೆಂದು ಗೊತ್ತಿದ್ದರಿಂದ ಹಿಂದಿನ ದಿನವೇ ಡ್ರಮ್ಮುಗಳಲ್ಲಿ ನೀರು ಹಿಡಿದು ತೆರೆದಿಟ್ಟಿದ್ದಳು. ಎಲ್ಲ ನೀರನ್ನೂ ಒಮ್ಮೆಗೇ ಬದಲಿಸಬಾರದೆಂದೂ ಗೊತ್ತಿತ್ತು. ಆದ್ದರಿಂದ ಪೈಪು ಹಾಕಿ ಅರ್ಧದಷ್ಟನ್ನು ಮಾತ್ರ ಬಾಲ್ಕನಿಯ ಮೋರಿಗೆ ಬಿಟ್ಟಳು. ಗಸಿ ಎಳೆದಳು. ಕೊರಡನ್ನು ಎತ್ತಿ ಬಿಸಿಲಿಗಿಟ್ಟಳು. ಗಾಜು ಉಜ್ಜಿದಳು. ಹೊಸ ನೀರು ತುಂಬಿದಳು. ಮೀಟರು ಇನ್ನೂ ಐದೂವರೆಯ ಹತ್ತಿರವೇ ತೂಗಾಡುತ್ತಿತ್ತು.

"ಅತ್ತೆ, ಅಡಿಗೆ ಸೋಡಾ ಇದ್ಯಾ?"

"ಇದೆ. ಬೋಂಡಕ್ಕೆ ಅಂತ ಊರಿಂದ ತಂದಿರೋದು. ಎಷ್ಟು ಬೇಕು?"

"ಡಬ್ಬಿ ಕೊಡಿ."

ಗಿರಿಜಮ್ಮ ಡಬ್ಬಿಯನ್ನು ಕೊಟ್ಟದ್ದಷ್ಟೇ ಅಲ್ಲ, ಅದು ಎಲ್ಲಿಗೆ ಹೋಗುತ್ತದೆಂದು ನೋಡಲು ಹಿಂದೆಯೇ ಬಂದರು. ಮೀನು ತಿನ್ನುವವರ ಮನೆಯ ಹೊಸಿಲು ದಾಟಿದ್ದು ಅವರ ಜೀವನದಲ್ಲಿ ಅದೇ ಮೊದಲು. ವಾರಿಜಾ ಸೋಡಾವನ್ನು ನೀರಿನಲ್ಲಿ ಕದಡಿ ಒಂದೊಂದೇ ಲೋಟ ಸುರಿದಳು, ಮೀಟರು ನೋಡಿದಳು, ಮತ್ತೆ ಸುರಿದಳು. ಆರು ದಾಟಿತು. ಏಳು ದಾಟಿತು. ಎಂಟರ ಹೊಸ್ತಿಲಲ್ಲಿ ನಿಂತಿತು. ಸ್ವಲ್ಪ ಹೆಚ್ಚೇ ಆಯಿತು, ಆದರೆ ಹುಳಿಗಿಂತ ವಾಸಿ ಎಂದುಕೊಂಡಳು.

ಆಗ ಮೊದಲ ಬಾರಿಗೆ ಟೌಕೆ ಕಣ್ಣಿಗೆ ಬಿತ್ತು. ನೆರಳೆಂದುಕೊಂಡಿದ್ದದ್ದು ನೆರಳಾಗಿರಲಿಲ್ಲ. ಬೆನ್ನಿನಿಂದ ಹೊಟ್ಟೆಯವರೆಗೆ ಕೆಂಪು ಬೆರೆತ ಚಿನ್ನ. ಬಾಲ್ಕನಿಯ ಬೆಳಕು ಬಿದ್ದ ಕಡೆಯೆಲ್ಲ ಹುರುಪೆ ಒಂದೊಂದಾಗಿ ಹೊತ್ತಿಕೊಂಡಂತೆ ಕಾಣುತ್ತಿತ್ತು.

"ಅಯ್ಯೋ, ಕಾಸಿನ ಸರ ಹಾಕ್ಕೊಂಡಂಗಿದೆಯಲ್ಲೇ," ಎಂದರು ಗಿರಿಜಮ್ಮ. ಅಲ್ಲೇ ಖೂ ಅವರ ಕುರ್ಚಿಯ ಮೇಲೆ, ಕೂತರೂ ಕೂರದಂತೆ, ಸೆರಗು ಹಾಸಿಕೊಂಡು ಕೂತರು.

ಶ್ರೀಪತಿ ಬಂದು ಫೋಟೋ ತೆಗೆದ. ಅಂದು ಸಾಯಂಕಾಲ ಬೋಂಡ ಆಗಲಿಲ್ಲ. ಸೋಡಾ ಮುಗಿದಿತ್ತು. ಶ್ರೀಪತಿ ಕೆಳಗಿನ ಮಾಮಾಕ್ ಹೋಟೆಲಿನಿಂದ ಪರೋಟದಂಥ ರೊಟ್ಟಿ ಚನಾಯ್ ಟಪಾವ್ ಮಾಡಿಸಿ, ಎಂದರೆ ಪೊಟ್ಟಣ ಕಟ್ಟಿಸಿಕೊಂಡು, ಬಂದ. ವಾರಿಜಾ ಊಟ ಮಾಡುತ್ತ ಎರಡು ಸಲ ಎದ್ದು ಹೋಗಿ ತೊಟ್ಟಿ ನೋಡಿ ಬಂದಳು. ಮೀನು ತುಸು ಚುರುಕಾಗಿ ತಿರುಗುತ್ತಿತ್ತು. ಹೊಸ ನೀರಿನ ಹುರುಪು ಎಂದುಕೊಂಡಳು.

ಭಾನುವಾರ ಬೆಳಿಗ್ಗೆ ಸ್ನಾನ, ಪೂಜೆ ಮುಗಿಸಿ, ಬೀಗದ ಕೈಯನ್ನು ಗೂಟದಿಂದ ತೆಗೆದುಕೊಂಡು ಮೀನನ್ನು ನೋಡಲು ಹೋದವರು ಗಿರಿಜಮ್ಮ. ಹೋದಷ್ಟೇ ಬೇಗ ವಾಪಸು ಬಂದರು.

"ವಾರಿಜಾ, ಎದ್ದೇಳೇ. ಅದಕ್ಕೆ ಉಬ್ಬಸ ಬಂದಿದೆ."

"ಮೀನಿಗೆ ಉಬ್ಬಸ ಬರಲ್ಲ ಅತ್ತೆ."

"ನಮ್ಮ ದೇವಕಿಗೆ ಬರ್ತಿತ್ತಲ್ಲ, ಅದೇ ಥರ. ಬಂದು ನೋಡು."

ದೇವಕಿ ಗಿರಿಜಮ್ಮನ ನಾದಿನಿ. ವಾರಿಜಾ ಬಂದು ನೋಡಿದಳು. ಉಬ್ಬಸವೇ. ಟೌಕೆ ನೀರಿನ ಮೇಲ್ಮೈಗೆ ಬಂದು, ಫಿಲ್ಟರಿನ ನೀರು ಬೀಳುವ ಮೂಲೆಯಲ್ಲಿ ಬಾಯಿ ತೆರೆದುಕೊಂಡು ನಿಂತಿತ್ತು. ಕಿವಿರುಗಳು ಹಾರುಹೊಡೆದಂತೆ ತೆರೆದು ಮುಚ್ಚುತ್ತಿದ್ದವು. ಅವುಗಳ ಅಂಚು ಸುಟ್ಟ ಗಾಯದಂತೆ ಕೆಂಪಾಗಿತ್ತು. ರೆಕ್ಕೆಗಳು ಮೈಗೆ ಅಂಟಿಕೊಂಡಿದ್ದವು. ನಿನ್ನೆಯ ಕಾಸಿನ ಸರದ ಮೇಲೆಲ್ಲ ಬೆಳ್ಳಗೆ ಲೋಳೆ ಕಟ್ಟಿತ್ತು. ನೀರು ಮಾತ್ರ ಸ್ಫಟಿಕದಂತಿತ್ತು.

ಮೀಟರು ಅದ್ದಿದಳು. ಎಂಟು. ಪುಸ್ತಕದ ಪ್ರಕಾರ ಸಾವಿರ ಜಾತಿಯ ಮೀನುಗಳು ಸುಖವಾಗಿ ಬಾಳುವ ಸಂಖ್ಯೆ.

ಬಯಾನ್ ಲೆಪಾಸಿನ ಪೇಟೆಯಲ್ಲಿ ಮೀನಿನ ಅಂಗಡಿಯೊಂದು ಭಾನುವಾರವೂ ತೆರೆದಿರುತ್ತಿತ್ತು. ಅಂಗಡಿಯವನು ಅವಳ ವಿವರಣೆಯನ್ನೆಲ್ಲ ಕೇಳಿ, "ಸ್ಟ್ರೆಸ್ ಲಾ," ಎಂದ. ಸ್ಟ್ರೆಸ್ಸಿಗೆ ಒಂದು ನೀಲಿ ಔಷಧಿ ಕೊಟ್ಟ. ಯಾವ ಮೀನಿಗೆ ಏನಾದರೂ ಅವನು ಕೊಡುತ್ತಿದ್ದದ್ದು ಅದನ್ನೇ ಎಂದು ಆ ಡಬ್ಬಿಗಳ ರಾಶಿ ನೋಡಿದರೇ ತಿಳಿಯುತ್ತಿತ್ತು. ವಾರಿಜಾ ಅದನ್ನು ಬಿಟ್ಟು, ಅಮೋನಿಯಾ ಪರೀಕ್ಷೆ ಮಾಡುವ ಸೀಸೆಗಳನ್ನೂ ಕ್ಲೋರಿನ್ ತೆಗೆಯುವ ಹರಳುಗಳನ್ನೂ ಅಮೋನಿಯಾ ಹಿಡಿದಿಡುವ ಒಂದು ದ್ರಾವಣವನ್ನೂ ಇನ್ನೊಂದು ಗಾಳಿ ಪಂಪನ್ನೂ ಕೊಂಡು ಮನೆಗೆ ಬಂದಳು. ದಾರಿಯಲ್ಲೇ ಅವಳಿಗೆ ಅನುಮಾನ ಶುರುವಾಗಿತ್ತು. ತಾನು ಅಳೆದದ್ದು ಅಳೆಯಲು ಕೈಗೆ ಸಿಕ್ಕಿದ್ದನ್ನು ಮಾತ್ರ.

ತೊಟ್ಟಿಯ ನೀರನ್ನು ಒಂದು ಸೀಸೆಗೆ ತೆಗೆದು, ಅಮೋನಿಯಾ ಪರೀಕ್ಷೆಯ ಹನಿಗಳನ್ನು ಬಿಟ್ಟು ಕಾದಳು. ಹಳದಿಯಾಗಿ ಉಳಿಯಬೇಕಿದ್ದ ನೀರು ಹಸಿರಾಯಿತು, ಕಡುಹಸಿರಾಯಿತು, ಡಬ್ಬಿಯ ಮೇಲಿನ ಪಟ್ಟಿಯಲ್ಲಿದ್ದ ಕೊನೆಯ ಬಣ್ಣವನ್ನೂ ದಾಟಿ ಹೋಯಿತು. ವಾರಿಜಾ ಖೂ ಅವರ ನೆಲದ ಮೇಲೆ ಕೂತುಬಿಟ್ಟಳು.

"ಏನಂತೆ?" ಎಂದ ಶ್ರೀಪತಿ.

"ನಾನೇ ವಿಷ ಹಾಕಿದೀನಿ ಕಣ್ರೀ."

"ಅಡಿಗೆ ಸೋಡಾ ವಿಷಾನಾ? ಅಮ್ಮ ನಲವತ್ತು ವರ್ಷದಿಂದ ನಮಗೆಲ್ಲ ಹಾಕ್ತಿದಾಳೆ."

"ಸೋಡಾ ಅಲ್ಲ. ಅಮೋನಿಯಾ. ಮೀನು ದಿನಾ ಬಿಡೋ ಗಲೀಜಿನಿಂದ ಬರುತ್ತೆ. ಈ ತೊಟ್ಟೀಲಿ ವರ್ಷಗಟ್ಟಲೆ ಸೇರಿದೆ. ಆದ್ರೆ ನೀರು ಹುಳಿಯಾಗಿದ್ರೆ ಅದು ಕಟ್ಟಿಹಾಕಿದ ನಾಯಿ ಥರ. ಇರುತ್ತೆ, ಕಚ್ಚಲ್ಲ. ಅಮೋನಿಯಂ ಅಂತಾರೆ ಅದನ್ನ. ಹುಳಿ ಹೋಯ್ತೂಂದ್ರೆ ಹಗ್ಗ ಬಿಚ್ಚಿದ ಹಾಗೆ. ನಾನು ಅರ್ಧ ನಾಯಿಗಳನ್ನ ಮೋರಿಗೆ ಬಿಟ್ಟೆ. ಉಳಿದರ್ಧದ ಹಗ್ಗ ಬಿಚ್ಚಿದೆ."

ಗಿರಿಜಮ್ಮ ತೊಟ್ಟಿಯ ಕಡೆ ನೋಡಿದರು. "ಹಂಗಾದ್ರೆ ಮತ್ತೆ ಕಟ್ಟೇ," ಎಂದರು.

ಅದೇನೂ ಅಷ್ಟು ಸುಲಭವಾಗಿರಲಿಲ್ಲ. ಒಮ್ಮೆಗೇ ಹುಳಿ ಹಿಂಡಿದರೆ, ನಿನ್ನೆಯಿಂದ ಒಂದು ಹೊಡೆತ ತಿಂದಿದ್ದ ಮೀನಿಗೆ ಅದು ಎರಡನೆಯದಾಗುತ್ತಿತ್ತು. ಸುಮ್ಮನಿದ್ದರೆ ಕಿವಿರು ಪೂರ್ತಿ ಸುಟ್ಟುಹೋಗುತ್ತಿತ್ತು. ಮಾಡಬೇಕಾದದ್ದನ್ನು ನಿಧಾನವಾಗಿ ಮಾಡಬೇಕಿತ್ತು, ಅದೂ ಬೇಗ ಬೇಗ. ಅವಳು ಮೊದಲು ದ್ರಾವಣವನ್ನು ಸುರಿದಳು. ಶ್ರೀಪತಿ ಪಂಪು ಹಚ್ಚಿದ. ಸ್ವಲ್ಪ ನೀರು ತೆಗೆದು, ಹರಳು ಕರಗಿಸಿದ ನಲ್ಲಿ ನೀರನ್ನು ಸಣ್ಣ ಧಾರೆಯಲ್ಲಿ ಬಿಡುವುದು, ಕಾಯುವುದು, ಮತ್ತೆ ತೆಗೆಯುವುದು ಎಂದು ನಿರ್ಧಾರವಾಯಿತು. ಹೀಗೆ ಮಾಡಿದರೆ ಸೋಡಾವೂ ತೆಳುವಾಗುತ್ತದೆ, ಅಮೋನಿಯಾವೂ ತೆಳುವಾಗುತ್ತದೆ. ಕೊರಡನ್ನೂ ತಂದು ಅದರ ಜಾಗದಲ್ಲೇ ಇಟ್ಟಳು.

ಮೊದಲ ಧಾರೆ ಬೀಳುತ್ತಿರುವಾಗ ಶ್ರೀಪತಿ ಮೆಲ್ಲಗೆ ಹೇಳಿದ. "ಇನ್ನೊಂದು ದಾರಿ ಇದೆ. ಇದೇ ಥರದ್ದು ಇನ್ನೊಂದು ತಂದು ಬಿಟ್ಬಿಡೋಣ. ಅವರಿಗೆ ಕಣ್ಣು ಅಷ್ಟು ಕಾಣಲ್ಲ."

"ಈ ಮೀನಿನ ಮೈಯೊಳಗೆ ಚಿಪ್ ಇರುತ್ತೆ ಕಣ್ರೀ. ಸರ್ಕಾರದ ನಂಬರಿರೋದು."

"ಮೀನಿನೊಳಗೂನಾ?"

ಬಯಾನ್ ಲೆಪಾಸಿನಲ್ಲಿ ಚಿಪ್ಪಿಲ್ಲದ ಜಾಗವೇ ಇಲ್ಲವೆಂದು ಗೊತ್ತಿದ್ದರೂ ಶ್ರೀಪತಿಗೆ ಇದು ಅತಿಯಾಯಿತೆನಿಸಿತು. ಗಿರಿಜಮ್ಮ ಮಗನನ್ನು ನೋಡಿ, "ಸುಳ್ಳು ಮೀನು ತರ್ತಾನಂತೆ. ಫೋನ್ ಮಾಡಿ ಹೇಳೇ ವಾರಿಜಾ. ಮನೆಯೋರಿಗೆ ಕಾಯಿಲೆ ಅಂದ್ರೆ ಹೇಳಲ್ವಾ?" ಎಂದರು.

ವಾರಿಜಾ ಒಂದು ಕೈಯಲ್ಲಿ ಪೈಪು ಹಿಡಿದೇ ಮೆಲಾಕಾಗೆ ಫೋನು ಮಾಡಿದಳು. ಖೂ ಅವರ ಮಗಳು ಅಲ್ಲಿ ಡಾಕ್ಟರು. ಆಪರೇಷನ್ ಮುಗಿದು ಖೂ ಅವಳ ಮನೆಯಲ್ಲೇ ಇದ್ದರು.

"ಅಂಕಲ್, ನಾನು ನಿಮ್ಮ ಮೀನಿನ ನೀರು ಕ್ಲೀನ್ ಮಾಡ್ಬಿಟ್ಟೆ."



"ಬೇಡ ಅಂದಿದ್ನಲ್ಲ."

"ಅಂದಿದ್ರಿ."

"ಸತ್ತೋಯ್ತಾ?"

"ಇಲ್ಲ. ಆದ್ರೆ ಸಾಯ್ಬೋದು. ತಪ್ಪು ಪೂರ್ತಿ ನಂದೇ ಅಂಕಲ್."

ಬೈಗುಳಕ್ಕೆ ಅವಳು ಸಿದ್ಧಳಾಗಿದ್ದಳು. ಬಂದದ್ದು ಬೈಗುಳವಲ್ಲ.

"ವಾರಿ, ಒಂದು ಮಾತು ಹೇಳ್ತೀನಿ. ನನ್ನ ಮಗಳಿಗೆ ಹೇಳ್ಬೇಡ." ಖೂ ಧ್ವನಿ ತಗ್ಗಿಸಿದರು. "ನನಗೆ ಆ ಮೀನು ಕಂಡ್ರೆ ಆಗಲ್ಲ."

"ಏನಂದ್ರಿ?"

"ಆಗಲ್ಲ. ಯಾವತ್ತೂ ಆಗಿಲ್ಲ. ನನ್ನ ಹೆಂಡತಿ ಮೊದಲು ಅದಕ್ಕೆ ಊಟ ಹಾಕೋಳು, ಆಮೇಲೆ ನನಗೆ. ಪ್ರತಿ ಭಾನುವಾರ ನೀರು ಬದಲಾಯಿಸೋಳು, ತಪ್ಪಿಸ್ತಿರ್ಲಿಲ್ಲ. ಅವಳು ಹೋದ್ಲು, ಇದು ಉಳೀತು. ಅದನ್ನ ಕೊಲ್ಲೋಕೆ ನನ್ನ ಕೈಲಾಗ್ಲಿಲ್ಲ. ಊಟ ನಿಲ್ಸಿದ್ರೆ ನನ್ನ ತಂಗಿ ಬಂದು ಕೇಳ್ತಾಳೆ. ನೀರನ್ನ ಯಾರು ನೋಡ್ತಾರೆ? ನೀರು ಬದಲಾಯಿಸೋದು ನಿಲ್ಲಿಸ್ದೆ. ಕೆಲವು ತಿಂಗಳಲ್ಲಿ ಹೋಗುತ್ತೆ ಅಂದ್ಕೊಂಡೆ. ನಾಲ್ಕು ವರ್ಷ ಆಯ್ತು. ಹೋಗಲಿಲ್ಲ. ಬೆಳೀತು."

ವಾರಿಜಾ ತೊಟ್ಟಿಯ ಕಡೆ ನೋಡಿದಳು. ಟೌಕೆ ಮೂಲೆಯಲ್ಲಿ ತುಸು ವಾಲಿಕೊಂಡಿತ್ತು. ಗಿರಿಜಮ್ಮ ಗಾಜಿಗೆ ಮುಖ ಹತ್ತಿರ ತಂದು, ಅದರ ಕಿವಿರಿನ ತಾಳಕ್ಕೆ ತಾವೂ ಉಸಿರೆಳೆದುಕೊಳ್ಳುತ್ತಿದ್ದರು.

"ಹಾಗಾದ್ರೆ," ಎಂದಳು ವಾರಿಜಾ. "ಬಿಟ್ಬಿಡ್ಲಾ ಅಂಕಲ್?"



"ಬಾಯಿ ತೆರ್ಕೊಂಡಿದ್ಯಾ ಅದು?"

"ಹೌದು."

"ಗಾಳಿಗೋಸ್ಕರಾನಾ?"

"ಹೌದು ಅಂಕಲ್."

"ಕೊನೇಲಿ ಅವಳೂ ಹಾಗೇ," ಎಂದು ಖೂ ನಿಲ್ಲಿಸಿದರು. "ನೀನು ಮೊದಲು ಏನು ಮಾಡ್ಬೇಕೋ ಮಾಡು ಲಾ. ನನಗೆ ಆಗುತ್ತೋ ಆಗಲ್ವೋ ಆಮೇಲೆ ನೋಡೋಣ." ಫೋನು ಇಟ್ಟರು.

ಆಮೇಲೆ ಆ ದಿನವೆಲ್ಲ ನೀರು ಹೊರುವುದರಲ್ಲೇ ಹೋಯಿತು. ಖೂ ಫೋನು ಇಟ್ಟವರು ಸ್ವಲ್ಪ ಹೊತ್ತಿಗೆ ವೀಡಿಯೊ ಕರೆ ಮಾಡಿದರು. ಹೇಗಿದೆ ಎಂದು ಕೇಳಲಿಲ್ಲ. ಮನೆಯ ಫ್ಯಾನು ಆರಿಸಿದ್ದೀರಾ, ಬಾಲ್ಕನಿಯ ಬಾಗಿಲು ಹಾಕಿದೆಯೇ ಎಂದೆಲ್ಲ ಕೇಳಿ, "ಹಾಗೇ ಫೋನು ಸ್ವಲ್ಪ ಎಡಕ್ಕೆ ಹಿಡಿ," ಎಂದರು. ಎಡಕ್ಕೆ ತೊಟ್ಟಿಯಿತ್ತು. ಮತ್ತೆ ಕರೆ ಮಾಡಿದಾಗ ನೆಪ ಹೇಳುವ ಗೋಜಿಗೂ ಹೋಗಲಿಲ್ಲ. ಶ್ರೀಪತಿ ಕೊನೆಗೆ ತನ್ನ ಫೋನನ್ನು ಕುರ್ಚಿಯ ಮೇಲೆ ದಿಂಬಿಗೆ ಒರಗಿಸಿ, ಅದರ ಕಣ್ಣು ತೊಟ್ಟಿಯ ಕಡೆ ತಿರುಗಿಸಿ ಹಾಗೆಯೇ ಬಿಟ್ಟ. ಫೋನಿನೊಳಗೆ ಖೂ, ಫೋನಿನ ಪಕ್ಕ ಗಿರಿಜಮ್ಮ. ಗಿರಿಜಮ್ಮನಿಗೆ ಇಂಗ್ಲಿಷು ಬಾರದು, ಖೂ ಅವರಿಗೆ ಕನ್ನಡ ಬಾರದು. ಆಗಾಗ ಗಿರಿಜಮ್ಮ, "ಈಗ ಪರವಾಗಿಲ್ಲ," ಎನ್ನುತ್ತಿದ್ದರು. ಆ ಕಡೆಯಿಂದ "ಓಕೆ, ಓಕೆ," ಎಂದು ಬರುತ್ತಿತ್ತು.

ಮಧ್ಯಾಹ್ನ ಟೌಕೆ ಒಮ್ಮೆ ಪೂರ್ತಿ ಮಗ್ಗುಲಾಯಿತು. ವಾರಿಜಾ ತೋಳನ್ನು ಭುಜದವರೆಗೆ ನೀರಿಗಿಳಿಸಿ ಅದರ ಹೊಟ್ಟೆಯಡಿ ಅಂಗೈ ಇಟ್ಟು ನೆಟ್ಟಗೆ ಹಿಡಿದು ನಿಂತಳು. ಮೀನಿನ ಮೈ ಅಷ್ಟು ಗಟ್ಟಿಯಾಗಿರುತ್ತದೆಂದು ಅವಳಿಗೆ ಗೊತ್ತಿರಲಿಲ್ಲ. ಅಂಗೈಯಲ್ಲಿ ಅದರ ಉಸಿರು ಬಡಿಯುತ್ತಿತ್ತು. ಅವಳ ತೋಳು ಜೋಮು ಹಿಡಿಯಿತು. ಅತ್ತೆ ಏನಾದರೂ ಅನ್ನಬಹುದೆಂದು ಕಾದಳು. ಗಿರಿಜಮ್ಮ ಅವಳ ಇನ್ನೊಂದು ತೋಳಿನ ಮೇಲೆ ಜಾರುತ್ತಿದ್ದ ಬಟ್ಟೆಯನ್ನು ಮಡಚಿ ಮೇಲೇರಿಸಿದರು, ಅಷ್ಟೆ.

ಸಂಜೆ ದೀಪ ಹಚ್ಚುವ ಹೊತ್ತಿಗೆ ಮೀಟರು ಏಳರ ಆಸುಪಾಸಿಗೆ ಇಳಿದಿತ್ತು. ಪರೀಕ್ಷೆಯ ಹಸಿರು ತಿಳಿಯಾಗಿತ್ತು. ಟೌಕೆ ಮೂಲೆ ಬಿಟ್ಟು ಕೊರಡಿನ ಹತ್ತಿರ ಇಳಿದು, ಯಾರ ಹಂಗೂ ಇಲ್ಲದೆ ತಾನೇ ನೆಟ್ಟಗೆ ನಿಂತಿತು.

ಮರುದಿನ ವಾರಿಜಾ ಕಾರ್ಖಾನೆಗೆ ರಜೆ ಹಾಕಿದಳು. ಮನೆಯಲ್ಲಿ ಅನಾರೋಗ್ಯ ಎಂದು ಹೇಳಿದಳು, ಯಾರ ಮನೆಯೆಂದು ಹೇಳಲಿಲ್ಲ. ಮಧ್ಯಾಹ್ನದ ಮೇಲೆ ಲಿಫ್ಟಿನ ಬಾಗಿಲು ತೆರೆದು ಖೂ ವಾಕರ್ ಊರಿಕೊಂಡು ಹೊರಬಂದರು. ಹಿಂದೆ ಅವರ ಮಗಳು. ಮೆಲಾಕಾದಿಂದ ಅರ್ಧ ದೇಶ ದಾಟಿ ಕಾರು ಓಡಿಸಿಕೊಂಡು ಬಂದಿದ್ದ ಅವಳ ಮುಖದಲ್ಲಿ ಆ ದಾರಿಯ ಪ್ರತಿ ಟೋಲ್‌ಗೇಟೂ ಕಾಣುತ್ತಿತ್ತು.

"ಹೊಸ ಮಂಡಿ ಹಾಕಿಸ್ಕೊಂಡೋರು ಕಾರಲ್ಲಿ ಇಷ್ಟು ದೂರ ಕೂರಬಾರದು ಅಂತ ನಾನೇ ಪೇಷಂಟ್‌ಗಳಿಗೆ ಹೇಳೋದು," ಎಂದಳು ಮಗಳು ವಾರಿಜಾಳಿಗೆ. "ಮೀನಿಗೋಸ್ಕರ ಅಂತೆ. ಅಪ್ಪನಿಗೆ ಆ ಮೀನಿನ ಮೇಲೆ ಪ್ರಾಣ."

ಖೂ ವಾರಿಜಾಳ ಮುಖ ನೋಡಲಿಲ್ಲ. ನೇರ ಹೋಗಿ ತೊಟ್ಟಿಯ ಮುಂದಿನ ಕುರ್ಚಿಯಲ್ಲಿ ಕೂತರು. ಟೌಕೆಯ ಒಂದು ಕಣ್ಣಿಗೆ ಮಂಜು ಕವಿದಿತ್ತು. ಒಂದು ಕಿವಿರಿನ ಮುಚ್ಚಳ ಅಂಚಿನಲ್ಲಿ ಸುರುಟಿಕೊಂಡಿತ್ತು. ಹುರುಪೆಗಳ ನಡುವೆ ಲೋಳೆಯ ಎಳೆಗಳು ಇನ್ನೂ ಇದ್ದವು. ಅದು ನಿಧಾನವಾಗಿ ಎಡದಿಂದ ಬಲಕ್ಕೆ ಬಂದು, ಒಳ್ಳೆಯ ಕಣ್ಣಿನಿಂದ ಕುರ್ಚಿಯ ಕಡೆ ನೋಡಿ, ತಿರುಗಿತು.

"ಇಷ್ಟು ದೊಡ್ಡದಾಗಿದ್ಯಾ ಇದು?" ಎಂದರು ಖೂ.

ಮಗಳು ಮಲಗಲು ಒಳಗೆ ಹೋದ ಮೇಲೆ ವಾರಿಜಾ ಎಲ್ಲವನ್ನೂ ವಿವರಿಸಿದಳು. ನೀರು ಬದಲಿಸದೆ ಬಿಟ್ಟದ್ದರಿಂದ ವರ್ಷವರ್ಷವೂ ಹುಳಿ ಏರುತ್ತ ಹೋಯಿತು. ಗಲೀಜು ತಿನ್ನುವ ಬ್ಯಾಕ್ಟೀರಿಯಾಗಳು ಆ ಹುಳಿಗೆ ಕೆಲಸ ನಿಲ್ಲಿಸಿದವು. ಅಮೋನಿಯಾ ರಾಶಿ ಬಿತ್ತು, ಆದರೆ ಅದೇ ಹುಳಿ ಅದನ್ನು ಕಟ್ಟಿಹಾಕಿತ್ತು. ಈ ಜಾತಿಯ ಮೀನು ಮೂಲತಃ ಕಾಡಿನೊಳಗಿನ ಕಪ್ಪು ಹುಳಿನೀರಿನದು. ಹುಳಿ ಏರಿದ್ದೂ ಒಂದೇ ದಿನದಲ್ಲಲ್ಲ, ನಾಲ್ಕು ವರ್ಷ ಒಂದೊಂದೇ ಮೆಟ್ಟಿಲು. ಆದ್ದರಿಂದ ಅದು ಹೊಂದಿಕೊಂಡಿತ್ತು.

ಖೂ ತೊಟ್ಟಿಯ ಕಡೆ ತಿರುಗಿದರು. "ಅಂದ್ರೆ, ನಾನು ಸಾಯ್ಲಿ ಅಂತ ಮಾಡಿದ್ದು ಬದುಕಿಸ್ತು."

"ಹೌದು."

"ನೀನು ಬದುಕ್ಲಿ ಅಂತ ಮಾಡಿದ್ದು ಸಾಯಿಸ್ತಿತ್ತು."

"ಹೌದು ಅಂಕಲ್."

"ಅವಳಿದ್ದಿದ್ರೆ ಇಬ್ಬರಿಗೂ ಬೈತಿದ್ಲು," ಎಂದರು. "ನನಗೆ ಜಾಸ್ತಿ," ಎಂದು ಸೇರಿಸಿದರು. ಆಮೇಲೆ ಕೇಳಿದರು. "ಹಾಗಾದ್ರೆ ಮೊದಲಿನ ಥರಾನೇ ಬಿಟ್ಬಿಡೋದು ಒಳ್ಳೇದಾ?"

"ಇಲ್ಲ. ಹುಳಿ ತಡ್ಕೊಳ್ಳೋದಕ್ಕೂ ಒಂದು ಮಿತಿ ಇದೆ. ಅಲ್ಲದೆ ಒಳ್ಳೇದು ಮಾಡೋಕೆ ಅಂತ ಯಾರಾದ್ರೂ ಬಂದೇ ಬರ್ತಾರೆ. ನಿಧಾನವಾಗಿ ಸರಿ ಮಾಡೋಣ. ವಾರಕ್ಕೆ ಸ್ವಲ್ಪ."

ಹಾಗೆ ಭಾನುವಾರದ ಕೆಲಸ ಮತ್ತೆ ಶುರುವಾಯಿತು. ಪ್ರತಿ ಸಲವೂ ಒಂದೆರಡು ಬಕೆಟು, ಹೆಚ್ಚಿಲ್ಲ. ಅಮೋನಿಯಾ ನೋಡಿ, ಹುಳಿ ನೋಡಿ, ಎರಡೂ ಒಪ್ಪಿದರೆ ಮಾತ್ರ ನೀರು. ಬಕೆಟು ಎತ್ತುವುದು ಶ್ರೀಪತಿ, ಸುರಿಯುವುದು ವಾರಿಜಾ, ಕೂತು ತಪ್ಪು ಹಿಡಿಯುವುದು ಖೂ. ಸೀಸೆಯ ಹಸಿರು ವಾರದಿಂದ ವಾರಕ್ಕೆ ತಿಳಿಯಾಗುತ್ತ ಬಂತು. ಸುರುಟಿದ ಕಿವಿರು ಹಾಗೆಯೇ ಉಳಿಯಿತು. ಅದು ಇನ್ನು ಸರಿಹೋಗುವುದಿಲ್ಲವೆಂದು ವಾರಿಜಾ ಖೂ ಅವರಿಗೆ ಹೇಳಿದಳು. ಅವರು ತಮ್ಮ ಮಂಡಿಯನ್ನು ಒಮ್ಮೆ ಮಡಚಿ ನೋಡಿದರು. ಕಣ್ಣಿನ ಮಂಜು ಮಾತ್ರ ಕರಗಿತು. ಗಿರಿಜಮ್ಮ ಊರಿಗೆ ಹೊರಡುವ ದಿನ ಸೀರೆ ಬದಲಿಸಿ, ಚಪ್ಪಲಿ ಮೆಟ್ಟುವ ಮುಂಚೆ ಎದುರುಮನೆಗೆ ಹೋಗಿ, "ಬರ್ತೀನಪ್ಪಾ, ಹುಷಾರು," ಎಂದು ಬಂದರು. ಹೇಳಿದ್ದು ಯಾರಿಗೆಂದು ಅಲ್ಲಿದ್ದ ಯಾರೂ ಕೇಳಲಿಲ್ಲ. ಖೂ "ಓಕೆ, ಓಕೆ," ಎಂದರು.

ಅದಾದ ನಂತರದ ಒಂದು ಭಾನುವಾರ, ಶ್ರೀಪತಿ ಬಕೆಟು ತುಂಬಲು ಹೋಗಿದ್ದಾಗ, ಖೂ ತೊಟ್ಟಿಯ ಕಡೆ ನೋಡುತ್ತ ಮಾತಾಡಿದರು.

"ಅವಳು ನೀರು ಬದಲಾಯಿಸ್ವಾಗ ಮಾತಾಡ್ತಾ ಇರೋಳು. ನಮ್ಮ ಹೊಕಿಯೆನ್ ಭಾಷೇಲಿ. ಇವತ್ತು ಮಾರ್ಕೆಟ್‌ನಲ್ಲಿ ಏನಾಯ್ತು, ಮಗಳು ಫೋನ್ ಮಾಡಿದ್ಲು, ಕಾಲು ನೋಯ್ತಿದೆ, ಎಲ್ಲಾ. ನಾನಿಲ್ಲಿ ಕೂತು ಪೇಪರ್ ಓದ್ತಾ ಉತ್ತರ ಕೊಡ್ತಿದ್ದೆ."

"ಸರಿ," ಎಂದಳು ವಾರಿಜಾ.

"ಅವಳು ಹೇಳ್ತಿದ್ದದ್ದು ಮೀನಿಗೆ ಅಂತ ನನಗೆ ಆಮೇಲೆ ಗೊತ್ತಾಯ್ತು. ಎಷ್ಟೋ ವರ್ಷ ಆದ್ಮೇಲೆ."

"ಗೊತ್ತಾದ್ಮೇಲೆ ಏನು ಮಾಡಿದ್ರಿ?"

ಖೂ ಕಾಲನ್ನು ಮುಂದಕ್ಕೆ ನೀಡಿ ಮಂಡಿಯ ಮೇಲೆ ಅಂಗೈ ಇಟ್ಟುಕೊಂಡರು. ತೊಟ್ಟಿಯೊಳಗೆ ಚಿನ್ನದ ಮೈ ಬಲದಿಂದ ಎಡಕ್ಕೆ ಹೋಯಿತು.

"ಉತ್ತರ ಕೊಡ್ತಾನೇ ಇದ್ದೆ," ಎಂದರು. "ಅವಳು ಬೇಡ ಅನ್ಲಿಲ್ಲ."

ಶ್ರೀಪತಿ ಬಕೆಟು ತಂದು ಇಟ್ಟ. ವಾರಿಜಾ ಅದನ್ನು ಎತ್ತಿ, ಸದ್ದಾಗದಂತೆ, ಗಾಜಿನ ಅಂಚಿನಿಂದ ಸಣ್ಣ ಧಾರೆಯಲ್ಲಿ ನೀರು ಬಿಡತೊಡಗಿದಳು.